ಮರ್ಯಾದೆಯ ರಾಜೀನಾಮೆ

"ಕೆಲಸದಿಂದ ತೆಗೆಯೋರು ನೀವು, ಬಿಡ್ತೀನಿ ಅಂತ ನಾನ್ಯಾಕೆ ಬರ್ಕೊಡ್ಲಿ?"

ಅಮೆರಿಕದ ಬಾತೆಲ್ ಊರಿನ ದೇವಸ್ಥಾನದಲ್ಲಿ, ತೀರ್ಥದ ಸಾಲಿನಲ್ಲಿ ನನ್ನ ಮುಂದಿದ್ದ ಶರ್ವಾಣಿ ಯಾರನ್ನೂ ನೋಡದೆ ಕೇಳಿದಳು. ಪಕ್ಕದಲ್ಲೇ ನಿಂತಿದ್ದ ಅವಳ ಮ್ಯಾನೇಜರ್ ಚನ್ನವೀರ ದನಿ ತಗ್ಗಿಸಿದರು.

"ರಾಜೀನಾಮೆ ಅಂದ್ರ ಮರ್ಯಾದಿ ಉಳೀತದ, ತಂಗಿ."

"ನಾನಾಗೇ ಬಿಟ್ರೆ ನಿರುದ್ಯೋಗ ಭತ್ಯೆ ಸಿಗಲ್ಲ ಅಣ್ಣ. ನಮ್ಮನೆಯವರಿಗೂ ಈಗ ಕೆಲಸ ಇಲ್ಲ."

"ಉಗಾದಿಗೆ ನಿಮ್ಮನ್ಯಾಗ ಹೋಳಿಗಿ ಉಂಡೀನಿ. ನಿನ್ನ ನಾನ ತೆಗದೆ ಅಂದ್ರ ನಮ್ಮ ಮಂದಿ ಏನಂತಾರ?"

"ಓಹೋ, ಉಳೀಬೇಕಾಗಿರೋದು ನಿಮ್ಮ ಮರ್ಯಾದೆ!"

ಅರ್ಚಕರು ತೀರ್ಥ ಕೊಟ್ಟರು. ಅವಳು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು ಹೊರಟಳು.

"ದೇವರ ಮುಂದ ಕೇಳಾಕತ್ತೀನಿ, ತಂಗಿ. ನಾಳೆ ಒಂದು ಇಮೇಲ್ ಕಳಿಸಿಬಿಡು."

"ದೇವರ ಮುಂದೇನೇ ಹೇಳ್ತೀನಿ, ಕಳಿಸಲ್ಲ. ತೆಗೆದೆ ಅಂತ ನೀವೇ ಬರೀರಿ."