ನಾಲ್ಕು ತೂತಿನ ಹಲಗೆ

ಅಲ್ಲ ಟೀಚರಮ್ಮ, ಆ ಸ್ಟೂಲ್ ಬೇಡ. ಅದಕ್ಕೆ ಮೂರೇ ಕಾಲು. ನಾಲ್ಕನೇದನ್ನ ನಿಮ್ಮ ಶಿಷ್ಯೆ ನಿನ್ನೆ ಬಿಚ್ಚಿ... ಬಿಚ್ಚಿ ಅಂದ್ರೆ, ಅದೇ ಬಿತ್ತು. ಹಳೇ ಸ್ಟೂಲು. ತಾನಾಗೇ ಬಿತ್ತು. ಇಲ್ಲಿ, ಈ ಡಬ್ಬದ ಮೇಲೆ ಕೂತ್ಕೊಳ್ಳಿ. ಒರೆಸಿ ಕೊಡ್ತೀನಿ ಇರಿ.

ಹಾಂ, ಏನು ಹೇಳ್ತಿದ್ದೆ? ಮಗುನ ಬೇರೆ ಕಡೆ ಸೇರಿಸೋ ಮಾತು. ನೋಡಿ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನಿಮ್ಮ ಶಿಶುವಿಹಾರಕ್ಕೆ ಬೀಗ ಬಿದ್ದು ಹನ್ನೊಂದು ದಿನ ಆಯ್ತು. ಬೀಗ ರಿಪೇರಿ ಮಾಡೋನು ನಾನು, ಬೀಗ ಬಿದ್ದ ಸಂಕಟ ನನಗೆ ಗೊತ್ತಾಗಲ್ವಾ? ಆದ್ರೆ ಸುರಕ್ಷತಾ ಕಚೇರಿಯವರು ಸುಮ್ಮಸುಮ್ಮನೆ ಬಾಗಿಲು ಹಾಕಿಸ್ತಾರಾ ಹೇಳಿ. ಮೂರು ಮಕ್ಕಳು. ಹಾಡಹಗಲು ಹನ್ನೊಂದು ಗಂಟೆ. ಗೇಟು ದಾಟಿ, ಒಬ್ಬರ ಅಂಗಿ ಒಬ್ಬರು ಹಿಡ್ಕೊಂಡು, ಟೈಲರ್ ಅಂಗಡಿ ತನಕ ಹೋಗಿದಾರೆ. ಅವನ ಗುಂಡಿ ಡಬ್ಬ ಸುರುವಿಕೊಂಡು ಮೇಜಿನ ಕೆಳಗೆ ಕೂತಿದ್ರಂತೆ. ಆ ಪುಣ್ಯಾತ್ಮ ಮೂರನ್ನೂ ವಾಪಸ್ ಕರ್ಕೊಂಡು ಬಂದು ಬಿಟ್ಟ. ಎಡಕ್ಕೆ ತಿರುಗೋ ಬದಲು ಬಲಕ್ಕೆ ತಿರುಗಿದ್ರೆ? ಬಲಕ್ಕೆ ಲಾರಿ ಓಡಾಡೋ ರಸ್ತೆ. ಮೂವರಲ್ಲಿ ನನ್ನ ಮೊಮ್ಮಗಳು, ನಮ್ಮ ಸ್ಪ್ರಿಂಗೂ ಒಬ್ಬಳು.

ಯಾಕೆ ನಗ್ತೀರಿ? ಸ್ಪ್ರಿಂಗು ಅಂದಿದ್ದಕ್ಕಾ? ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ, ಅದಕ್ಕೆ ಆ ಹೆಸರು. ನಿಮ್ಮ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಗೊತ್ತು. ಆ ಹೆಸರಿಗೆ ಅವಳು ಕತ್ತೂ ತಿರುಗಿಸಲ್ಲ.

ಹನ್ನೊಂದು ದಿನದಿಂದ ಬೆಳಗ್ಗೆಯಿಂದ ಸಂಜೆ ತನಕ ಇಲ್ಲೇ ಇದಾಳೆ, ನನ್ನ ಕಾಲ ಕೆಳಗೆ. ಗಿರಾಕಿಗಳ ಕೀಗೆಲ್ಲ ಒಂದೊಂದು ಚೀಟಿ ಕಟ್ಟಿಟ್ಟಿದ್ದೆ. ಚೀಟಿಗಳನ್ನ ಒಂದು ಕಡೆ ಸೇರಿಸಿದಾಳೆ, ಕೀಗಳನ್ನ ಇನ್ನೊಂದು ಕಡೆ ಸೇರಿಸಿದಾಳೆ. ಅವಳ ಪ್ರಕಾರ ಅದು ಜೋಡಿಸಿದ ಹಾಗೆ. ಮೊನ್ನೆ ಒಬ್ಬರು ತಮ್ಮ ಬೀರು ಕೀ ಹುಡುಕ್ತಾ ಒಂದು ಗಂಟೆ ಇಲ್ಲಿ ನೆಲದ ಮೇಲೆ ಕೂತಿದ್ರು. ಕೊನೆಗೆ ಬೀರುನೇ ಹೊತ್ಕೊಂಡು ಬರ್ತೀನಿ ಅಂತ ಎದ್ದು ಹೋದ್ರು.

ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಬಸ್ ಓಡಿಸ್ತಾನೆ, ನಿಮಗೆ ಗೊತ್ತಲ್ಲ. ಇಬ್ಬರಿಗೂ ರಜ ಸಿಗಲ್ಲ. ಹಾಗಾಗಿ ನಿರ್ಧಾರ ನನ್ನ ತಲೆಗೆ ಕಟ್ಟಿದಾರೆ. ಮಗಳು ಏನಂದ್ಲು ಗೊತ್ತಾ? "ಅಪ್ಪ, ನನಗೆ ಟೀಚರ್ ಮೇಲೆ ನಂಬಿಕೆ ಇದೆ. ಆದ್ರೆ ಬೀಗ ಚಿಲಕದ ವಿಷಯ ನಿನಗೇ ಗೊತ್ತು. ನೀನು ಅಲ್ಲೇ ಇರಲಿ ಅಂದ್ರೆ ಅಲ್ಲೇ, ಬೇಡ ಅಂದ್ರೆ ಹೊಸ ಕಡೆ." ಹೊಸ ಕಡೆಯವರು ಇವತ್ತು ಸಂಜೆ ತನಕ ಒಂದು ಸೀಟು ಇಟ್ಟಿರ್ತಾರೆ. ಸಂಜೆ ಡ್ಯೂಟಿ ಮುಗಿಸಿ ಬರ್ತಾಳೆ ಅವಳು, ಉತ್ತರ ಕೇಳೋಕೆ.

ಹೊಸ ಕಡೆ ಚೆನ್ನಾಗಿದೆ ಟೀಚರಮ್ಮ. ನಂಬರ್ ಒತ್ತಿದ್ರೆ ಮಾತ್ರ ತೆಗೆಯೋ ಬಾಗಿಲು. ಚಿಲಕ ಅನ್ನೋದೇ ಇಲ್ಲ. ಎಲ್ಲಾ ಕರೆಂಟು.

ಹೌದು. ಹೌದು, ಹೇಳಿದ್ದೆ. ಕರೆಂಟ್ ಬೀಗ ಬೀಗವೇ ಅಲ್ಲ ಅಂತ ನಿಮ್ಮ ಮುಂದೇನೇ ಹೇಳಿದ್ದೆ. ಕರೆಂಟ್ ಹೋದಾಗ ಕಳ್ಳನಿಗೆ ಕೈ ಮುಗಿದು ಸ್ವಲ್ಪ ಹೊತ್ತು ಬಿಟ್ಟು ಬಾರಪ್ಪ ಅನ್ನಬೇಕು ಅಂದಿದ್ದೆ. ಕಾಲ ಬದಲಾಗುತ್ತೆ, ಮನುಷ್ಯನೂ ಬದಲಾಗಬೇಕು. ಹಾಗೆ ನೋಡಬೇಡಿ.

ಒಂದು ದಿನ ಅವಳನ್ನ ಅಲ್ಲಿ ಒಂದು ಗಂಟೆ ಕೂರಿಸಿಕೊಂಡು ಬಂದೆ. ಮಕ್ಕಳೆಲ್ಲ ಅಂಗಡಿಯಲ್ಲಿಟ್ಟ ಗೊಂಬೆ ಹಾಗೆ ಕೂತಿದ್ರು. ಜಗಳ ಇಲ್ಲ, ಕೂಗಾಟ ಇಲ್ಲ. ದಾರಿಯಲ್ಲಿ ಬರ್ತಾ "ಅಜ್ಜ, ಆಯಮ್ಮ ಎಲ್ಲಿ?" ಅಂದ್ಲು, ನಿಮ್ಮ ಶಿಶುವಿಹಾರದ ಆಯಾನ. ಅಳಲಿಲ್ಲ, ಕೇಳಿದ್ಲು ಅಷ್ಟೇ. ಮೂರು ಸಲ ಕೇಳಿದ್ಲು. ನಾನು ಆ ಕಡೆ ಅಂಗಡಿ ತೋರಿಸಿ ಮಾತು ಮರೆಸಿದೆ.

ಅದೇನು ಚೀಲದಲ್ಲಿ? ಓ... ಗೇಟಿನ ಚಿಲಕನೇ ಬಿಚ್ಕೊಂಡು ಬಂದ್ರಾ? ಕಾಗದ ಬೇರೆ. ಕೊಡಿ, ಕನ್ನಡಕ ಎಲ್ಲಿ... ಇದೇನು ಕನ್ನಡಕಕ್ಕೆ ಕಡ್ಡಿನೇ ಇಲ್ಲ. ಇರಲಿ, ಕೈಯಲ್ಲಿ ಹಿಡ್ಕೊಂಡು ಓದ್ತೀನಿ. "ಚಿಲಕ ಪರೀಕ್ಷಿಸಿದ ಕೆಲಸಗಾರರ ಹೇಳಿಕೆ." ಒಂದನೇ ಚೌಕ, ಚಿಲಕದಲ್ಲಿ ದೋಷವಿದೆ. ಎರಡನೇ ಚೌಕ, ಚಿಲಕ ಸರಿಯಾಗಿದೆ, ಸಿಬ್ಬಂದಿ ಹಾಕಿರಲಿಲ್ಲ. ಕೆಳಗೆ "ಇತರೆ ಕಾರಣ" ಅಂತ ಎರಡು ಗೆರೆ. ಸರ್ಕಾರದ ಕಾಗದ ನೋಡಿ, ಇತರೆ ಅಂತ ಒಂದು ಇರಲೇಬೇಕು. ಅದರಲ್ಲಿ ಇವತ್ತಿನವರೆಗೂ ಯಾರೂ ಏನೂ ಬರೆದಿರಲ್ಲ.

ನಾನು ಗುರುತು ಹಾಕಿ ಸಹಿ ಮಾಡಿದ್ರೆ ಬಾಗಿಲು ತೆಗೀತಾರಂತಾ? ಸರಿ. ಅದಕ್ಕೇನು, ಎರಡು ನಿಮಿಷದ ಕೆಲಸ.

ದೋಷ ಅಂತೂ ಇಲ್ಲ. ಈ ಕೈಯಲ್ಲಿ ಅರ ಹಾಕಿ ಉಜ್ಜಿ ಮಾಡಿದ ಚಿಲಕ ಇದು. ಎರಡು ವರ್ಷದ ಹಿಂದೆ ನೀವೇ ಬಂದು, ಮಕ್ಕಳ ಕೈಗೆ ಬಗ್ಗದ ಚಿಲಕ ಬೇಕು ಅಂದ್ರಿ. ಮೇಲೆ ಹಾಕಿದ್ರೆ ಆಯಮ್ಮ ಕುಳ್ಳಿ, ಕೈಗೆ ಎಟುಕಲ್ಲ. ಕೆಳಗೇ ಇರಬೇಕು, ಆದ್ರೆ ಮಕ್ಕಳಿಗೆ ಬರಬಾರದು. ಮೂರು ರಾತ್ರಿ ತಲೆ ಕೆಡಿಸ್ಕೊಂಡೆ. ಈ ಗುಂಡಿ ಒತ್ತಬೇಕು, ಒತ್ತಿಕೊಂಡೇ ಎತ್ತಬೇಕು, ಎತ್ತಿಕೊಂಡೇ ತಿರುಗಿಸಬೇಕು. ನಿಮಗೇ ಒಂದು ವಾರ ಬರಲಿಲ್ಲ, ಗೇಟಿನ ಒಳಗೆ ನಿಂತು ನನಗೆ ಫೋನ್ ಮಾಡಿದ್ರಿ, ನೆನಪಿದೆಯಾ? ಮೊನ್ನೆ ಬಂದ ಸುರಕ್ಷತೆ ಸಾಹೇಬರು ಕೊನೆಗೆ ಗೇಟು ಹತ್ತಿ ಹಾರಿದ್ರಂತಲ್ಲ, ಪ್ಯಾಂಟು ಹರೀತಂತೆ. ಇಂಥ ಚಿಲಕಕ್ಕೆ ದೋಷ ಅಂತ ನಾನೇ ಬರೀಲಾ? ನಾಳೆ ಈ ಅಂಗಡಿಗೆ ನಾಯಿನೂ ಬರಲ್ಲ.

ಹಾಗಾದ್ರೆ ಎರಡನೇ ಚೌಕ. ಆಯಮ್ಮ ಹಾಕಿರಲಿಲ್ಲ. ಮರೆತಿರ್ತಾಳೆ, ಪಾಪ. ವಯಸ್ಸಾಯ್ತು.

ಹಾಕಿದ್ದೆ ಅಂತ ಆಣೆ ಮಾಡ್ತಿದಾಳಾ? ಮಾಡ್ದೆ ಇನ್ನೇನು ಮಾಡ್ತಾಳೆ ಟೀಚರಮ್ಮ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂತೆ, ಹಾಗಾಯ್ತು.

ನಾನಾ? ನಾನೆಲ್ಲಿ ಹೆಗಲು ಮುಟ್ಕೊಂಡೆ? ಕಬ್ಬಿಣದ ಪುಡಿ ಬಿದ್ದಿತ್ತು, ಒರೆಸ್ಕೊಂಡೆ.

ಎರಡನೇ ಚೌಕಕ್ಕೆ ಗುರುತು ಹಾಕಿದ್ರೆ... ಆಯಮ್ಮನ್ನ ಕೆಲಸದಿಂದ ತೆಗೀತಾರಾ? ಇನ್ನೆಲ್ಲೂ ಸೇರಿಸ್ಕೊಳ್ಳಲ್ವಾ? ಇನ್ನು ಮುಂದೆ ಯಾವ ಮಕ್ಕಳ ಹತ್ತಿರಾನೂ ಬಿಡಲ್ವಾ? ಹತ್ತೊಂಬತ್ತು ವರ್ಷ ಆಕೆ ಅಲ್ಲಿ. ಸ್ಪ್ರಿಂಗು ಮೊದಲ ತಿಂಗಳು ಆಕೆ ಸೆರಗು ಬಿಟ್ಟಿರಲಿಲ್ಲ. ಸೆರಗಿಗೆ ಗಂಟು ಹಾಕಿ ಗಂಟಿನ ತುದಿ ಇವಳ ಕೈಗೆ ಕೊಟ್ಟು ಓಡಾಡೋಳು, ನಾನೇ ನೋಡಿದೀನಿ. ಆಮೇಲೆ ಆ ಗಂಟನ್ನೂ ಬಿಚ್ಚೋದು ಕಲಿತು... ಇರಲಿ ಬಿಡಿ.

ಪೆನ್ನು ಬರೀತಿಲ್ಲ. ತಡೀರಿ.

ಏನು ನೋಡ್ತಿದೀರಿ? ಗೋಡೆ ಮೇಲೆ... ಓ, ಆ ಹಲಗೆನಾ? ಅದು ಮಗು ಆಟಕ್ಕೆ. ನಿಮ್ಮಲ್ಲಿಂದ ಕರ್ಕೊಂಡು ಬಂದ್ಮೇಲೆ ಅವಳಮ್ಮ ಬರೋ ತನಕ ಒಂದೂವರೆ ಗಂಟೆ ಇಲ್ಲಿರ್ತಾಳಲ್ಲ. ಸುಮ್ಮನೆ ಕೂರಲ್ಲ. ಅದಕ್ಕೆ ಹಳೇ ಕೊಂಡಿ, ಅಗುಳಿ, ಚಿಲಕ ಎಲ್ಲ ಒಂದು ಹಲಗೆಗೆ ಹೊಡೆದು ಕೊಟ್ಟೆ. ಗೊಂಬೆ ಬೇಡ ಅವಳಿಗೆ, ಅದೇ ಬೇಕು. ನಿಜ ಹೇಳಬೇಕಂದ್ರೆ, ಅವಳಜ್ಜಿ ಹೋದ ಮೇಲೆ ಈ ಅಂಗಡಿಯಲ್ಲಿ ನಾನು ನಗೋದು ಆ ಒಂದೂವರೆ ಗಂಟೆ ಮಾತ್ರ. ಮಗಳು ಮೊದಲೇ ಬೈದಿದ್ದಳು. "ಅಪ್ಪ, ಚಿಲಕ ತೆಗೆಯೋದು ಕಲಿಸಬೇಡ, ಕಲಿಸಿದ್ಯೋ ಅಂಗಡಿಗೆ ಕಳಿಸೋದೇ ಇಲ್ಲ" ಅಂತ. ನಾನು ಕಲಿಸಿಲ್ಲ. ಹಾಕೋದು ಕಲಿಸಿದೆ. ಹಾಕಬೇಕು ಅಂದ್ರೆ ಮೊದಲು ತೆಗೀಬೇಕಲ್ಲ, ಅಷ್ಟೇ.

ಯಾವ ಖಾಲಿ ಜಾಗ? ಆ ಮೂಲೆನಾ? ಅಲ್ಲಿ ಏನೂ ಇರಲಿಲ್ಲ.

ತೂತಾ? ಗೆದ್ದಲು.

ಹೌದು, ನಾಲ್ಕು. ಹೌದು, ಗೆದ್ದಲು ಅಳತೆ ಹಿಡಿದು ಮೂಲೆಗೊಂದರ ಹಾಗೆ ಕೊರೆಯಲ್ಲ. ಆದ್ರೆ ಇದು ಬೀಗದ ಅಂಗಡಿ ಗೆದ್ದಲು, ಸ್ವಲ್ಪ ಕೆಲಸ ಬಲ್ಲದ್ದು... ನೀವು ನಗಲಿ ಅಂತ ಹೇಳಿದೆ ಟೀಚರಮ್ಮ. ಆಗ ನಕ್ಕಿದ್ರಲ್ಲ, ಈಗ ಯಾಕೆ ನಗ್ತಿಲ್ಲ?

ಯಾಕೆ ಎದ್ರಿ? ಚಿಲಕ ಇಲ್ಲಿ ಕೊಡಿ, ನಾನೇ ನಿಧಾನವಾಗಿ ನೋಡಿ ಕಳಿಸ್ತೀನಿ. ಹಲಗೆ ಹತ್ತಿರ ಹೋಗಬೇಡಿ, ಮೊಳೆ ಇದೆ, ಚುಚ್ಚುತ್ತೆ. ಟೀಚರಮ್ಮ. ಒಂದು ಮಾತು ಕೇಳಿ. ಟೀಚರಮ್ಮ...

ಚಿಲಕದ ತೂತು ಹಲಗೆ ತೂತಿಗೆ ಸರಿಯಾಗಿ ಕೂತ್ಕೊಂತಾ.

ನಾಲ್ಕೂ ಕೂತ್ಕೊಂತು.

ಸ್ಪ್ರಿಂಗು, ನೀನ್ಯಾಕೆ ಬಂದೆ? ಬಿಸ್ಕತ್ತು ಮುಗೀತಾ? ಇನ್ನೊಂದಿದೆ ನೋಡು ಡಬ್ಬದಲ್ಲಿ, ಹೋಗು. ಏನಂದೆ? ಮೆಲ್ಲಗೆ... ಕೇಳಿಸ್ತಾ ಟೀಚರಮ್ಮ? "ಅಜ್ಜ, ನಮ್ಮ ಚಿಲಕ ವಾಪಸ್ ಬಂತು" ಅಂತಿದಾಳೆ. ಮುಟ್ಟಬೇಡ ಕಂದ. ಬೇಡ ಅಂದ್ನಲ್ಲ. ಒತ್ತಿದ್ಲು. ಎತ್ತಿದ್ಲು... ಹೂಂ. ತೆಗೆದ್ಲು. ಸಾಹೇಬರು ಪ್ಯಾಂಟು ಹರ್ಕೊಂಡ ಚಿಲಕ.

ನನ್ನ ಕಡೆ ಯಾಕೆ ನೋಡ್ತಿದಾಳೆ ಗೊತ್ತಾ? ಚಪ್ಪಾಳೆಗೆ ಕಾಯ್ತಿದಾಳೆ. ದಿನಾ ತಟ್ತಿದ್ದೆ ನಾನು.

ಒಂದೇ ಥರದವು ಎರಡು ಮಾಡಿದ್ದೆ. ಒಂದು ನಿಮ್ಮ ಗೇಟಿಗೆ, ಒಂದು ಇಲ್ಲಿಗೆ. ಇವಳಿಗೆ ಬರುತ್ತಾ ಅಂತ ಸುಮ್ಮನೆ ನೋಡೋಕೆ. ಬಂತು. ಬಂದಾಗ ಎಷ್ಟು ಖುಷಿ ಆಯ್ತು ಅಂತೀರಿ, ಬೀದಿಯವರಿಗೆಲ್ಲ ಹೇಳಬೇಕು ಅನ್ನಿಸ್ತು, ಮಗಳಿಗೆ ಹೆದರಿ ಸುಮ್ಮನಾದೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು ನನ್ನ ಕಥೆ. ಆವತ್ತು ಮಕ್ಕಳು ಆಚೆ ಹೋಗಿದ್ರು ಅಂತ ನಿಮ್ಮ ಫೋನ್ ಬಂತಲ್ಲ, ಯಾರು ತೆಗೆದಿದ್ದು ಅಂತ ನಾನು ಕೇಳಲೇ ಇಲ್ಲ. ನೀವು ಅದನ್ನ ಗಮನಿಸಿರ್ತೀರಿ. ಫೋನ್ ಇಟ್ಟು, ಸ್ಕ್ರೂಡ್ರೈವರ್ ತಗೊಂಡು ಹಲಗೆ ಮೇಲಿದ್ದ ಚಿಲಕ ಬಿಚ್ಚಿ ಹಳೇ ಕಬ್ಬಿಣಕ್ಕೆ ಎಸೆದೆ. ಎರಡು ದಿನ ಹುಡುಕಿದ್ಲು ಮಗು. ಕಾಗೆ ತಗೊಂಡು ಹೋಯ್ತು ಅಂದೆ.

ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ? ಗೊತ್ತಿದ್ದೂ ನೀವು ಬರೀಲಿಲ್ಲ. ಹನ್ನೊಂದು ದಿನ ಬಾಗಿಲು ಹಾಕ್ಕೊಂಡು ಕಾದ್ರಿ, ಈ ಮುದುಕ ತಾನಾಗೇ ಬಂದು ಹೇಳ್ತಾನೆ ಅಂತ.

ಬೈದು ಬಿಡಿ ಟೀಚರಮ್ಮ.

ಆ ಕಾಗದ ಕೊಡಿ ಇಲ್ಲಿ. ನಿಮ್ಮ ಪೆನ್ನೂ ಕೊಡಿ. ನಂದು ಬರೀತಿತ್ತು, ಸುಳ್ಳು ಹೇಳಿದೆ. "ಇತರೆ ಕಾರಣ"... ಎರಡೇ ಗೆರೆ. ನನಗೆ ಸಾಲಲ್ಲ. ಹಿಂದುಗಡೆನೂ ಬರೀಬಹುದಾ? ಆಯಮ್ಮ ಹಾಕಿದ್ದು ನಿಜ ಅಂತ ಮೊದಲನೇ ಗೆರೆಯಲ್ಲೇ ಬರೀತೀನಿ, ಆಮೇಲೆ ನಂದು. ಹೊಸ ಚಿಲಕ ಮಾಡಿ ಕೊಡ್ತೀನಿ, ಇವಳಿಗೆ ತೋರಿಸಲ್ಲ. ಆಣೆಗೂ ತೋರಿಸಲ್ಲ.

ಮಗಳು ಬರೋ ಹೊತ್ತಾಯ್ತು. ಬಂದ ತಕ್ಷಣ ಏನು ನಿರ್ಧಾರ ಮಾಡಿದೆ ಅಪ್ಪ ಅಂತಾಳೆ. ನಿಮ್ಮಲ್ಲೇ ಇರಲಿ ಅಂತೀನಿ. ಯಾಕೆ ಅಂತ ಕೇಳ್ತಾಳೆ, ಅದನ್ನೂ ಹೇಳ್ತೀನಿ. ಆಮೇಲೆ ಆ ಒಂದೂವರೆ ಗಂಟೆ ಇರುತ್ತೋ ಹೋಗುತ್ತೋ ಅವಳಿಗೆ ಬಿಟ್ಟಿದ್ದು. ಹೋಗಬಹುದು. ಟೀಚರಮ್ಮ... ಅವಳು ಬರೋ ತನಕ ನೀವು ಇರ್ತೀರಾ? ಒಬ್ಬನೇ ಹೇಳೋಕೆ ನನಗೆ ಧೈರ್ಯ ಸಾಲಲ್ಲ.

ಇರ್ತೀರಾ? ಸರಿ, ಕೂತ್ಕೊಳ್ಳಿ. ಅಯ್ಯಯ್ಯೋ, ಆ ಸ್ಟೂಲ್ ಮೇಲಲ್ಲ. ಅದು ತಾನಾಗೇ ಬಿದ್ದಿದ್ದಲ್ಲ, ಅದರ ಕಾಲನ್ನೂ ಅವಳೇ ಬಿಚ್ಚಿದ್ದು. ಸ್ಕ್ರೂಡ್ರೈವರ್ ಹಿಡಿಯೋದು ನಾನೇ ಹೇಳಿಕೊಟ್ಟೆ.