ತ್ಯಾಗರಾಜರು ಹುಡುಕಿದ ಲ್ಯಾಂಗ್‌ಫರ್ಡ್

ರಾಜಲಕ್ಷ್ಮಿಯವರೇ, ಮಗಳಾದ ಇಂದು, ಅಳಿಯ ಟೆರೆನ್ಸ್, ಟಾರ್ಬರೋ ಊರಿನಿಂದ ಬಂದಿರುವ ಟೆರೆನ್ಸ್ ಅವರ ಅಜ್ಜಿ ಅರ್ನೆಟ್ಟಾ ಅವರೇ — ದೇವಸ್ಥಾನದ ಈ ಹಾಲ್‌ನಲ್ಲಿ ಸೇರಿರುವ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ನಾನು ರಮೇಶ. ಇಲ್ಲಿನ ರಸ್ತೆ ಇಲಾಖೆಯ ನಕ್ಷೆ ಕೋಣೆಯಲ್ಲಿ ತ್ಯಾಗರಾಜರ ಪಕ್ಕದ ಮೇಜು ನನ್ನದು. ಹೆಚ್ಚು ಓದಿದವನಲ್ಲ, ಮಾತು ಬಾರದವನು. ನಾನು ನೋಡಿದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಇಂದು ಅಜ್ಜಿಯ ಕಿವಿಯಲ್ಲಿ ಇಂಗ್ಲಿಷ್ ಮಾಡಿ ಹೇಳುತ್ತಿದ್ದಾಳೆ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಇಂದು ತಾನು ಟೆರೆನ್ಸ್‌ನನ್ನು ಮದುವೆಯಾಗುತ್ತೇನೆ ಎಂದಾಗ ತ್ಯಾಗರಾಜರು ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ನಮ್ಮಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದನ್ನೇ ಕೇಳಿದರು. ಯಾವ ಊರು?

“ಇಲ್ಲೇ, ನಾರ್ತ್ ಕ್ಯಾರೊಲೈನಾ. ದಟ್ಸ್ ಇಟ್ ಅಪ್ಪಾ,” ಅಂದಳಂತೆ ಇಂದು.

“ಅದು ರಾಜ್ಯ ಆಯ್ತಲ್ಲಮ್ಮ. ಊರು ಗೊತ್ತಿಲ್ಲದೆ ಲಗ್ನಪತ್ರಿಕೆ ಹೆಂಗೆ ಪ್ರಿಂಟ್ ಮಾಡ್ಸೋದು?”

ಹುಡುಗ ಕಪ್ಪು ಜನಾಂಗದವನು; ಆ ಮೈಬಣ್ಣದ ಮಾತು ಅವರ ಬಾಯಿಂದ ಬರಲಿಲ್ಲ. ಊರಿನ ಮಾತು ಬಂತು. ಆ ಊರಿನ ಮಾತಿನ ಹಿಂದೆ ಏನಿತ್ತು ಎಂಬುದು ಇಲ್ಲಿ ಕೂತಿರುವ ನಮಗೆಲ್ಲ ಗೊತ್ತು — ನಮ್ಮ ಮನೆಗಳಲ್ಲೂ ಅದು ಇದೆ. ಆ ಚಳಿಗಾಲವೆಲ್ಲ ಅಪ್ಪ ಮಗಳು ಒಂದೇ ಟೇಬಲ್ಲಿನಲ್ಲಿ ಊಟ ಮಾಡಿ, ಮಾತಿಲ್ಲದೆ ಏಳುತ್ತಿದ್ದರು. ಹುಡುಗಿ ಕಾಯುತ್ತಿದ್ದಳು. ಅಪ್ಪ ಬಾರದಿದ್ದರೆ ಕೋರ್ಟಿನಲ್ಲಿ ಮದುವೆ ಎಂದು ರಾಜಲಕ್ಷ್ಮಿಯವರಿಗೆ ಹೇಳಿಯೂ ಇದ್ದಳು.

ಹುಡುಗನ ಮನೆತನದ ಹೆಸರು ಲ್ಯಾಂಗ್‌ಫರ್ಡ್. ತ್ಯಾಗರಾಜರು ಅದನ್ನೇ ಹಿಡಿದರು. “ನಮ್ ಬೆಂಗ್ಳೂರ್ ಲ್ಯಾಂಗ್‌ಫರ್ಡ್ ಟೌನ್ ಹುಡುಗ ಅನ್ನಿ ಸಾರ್, ಶಾಂತಿನಗರದ ಪಕ್ಕ,” ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಲೈಬ್ರರಿಗೆ ಹೋದರು. ಒಂದು ಶನಿವಾರ ನನ್ನನ್ನು ಕೂರಿಸಿಕೊಂಡು ವಾಷಿಂಗ್ಟನ್‌ಗೇ ಹೋದರು, ಹಳೆಯ ನಕ್ಷೆಗಳನ್ನು ನೋಡಲು.

ಆ ಮಧ್ಯಾಹ್ನ ಈಗಲೂ ಕನಸಿನ ಹಾಗೆ ಕಣ್ಣಲ್ಲಿದೆ. ಉದ್ದನೆಯ ಮೇಜು. ಅದರ ಮೇಲೆ ಇಂಗ್ಲೆಂಡು, ಹಳದಿ ಕಾಗದದ ಮೇಲೆ. ಇವರು ಭೂತಗನ್ನಡಿ ಹಿಡಿದು, ಹೀಗೆ ಬಗ್ಗಿ, ನದಿಗಳ ಮೇಲೆ ಮೆಲ್ಲಗೆ ಹೋಗುತ್ತಿದ್ದರು — ದೋಣಿಯಲ್ಲಿ ಹೋದ ಹಾಗೆ. ಲ್ಯಾಂಗ್‌ಫರ್ಡ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಉದ್ದನೆಯ ಹಾಯುವ ಜಾಗ, ಜನ, ದನ, ಗಾಡಿ ನೀರಿಗಿಳಿದು ಹೊಳೆ ದಾಟುವ ಕಡೆ. ಆ ಹೆಸರಿನ ಹಳ್ಳಿ ಒಂದಲ್ಲ, ಹಲವು ಇದ್ದವು. ಚೆಂದದ ಹೊಳೆ ಇರುವ ಒಂದನ್ನು ಇವರೇ ಆರಿಸಿಕೊಂಡರು.

ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಊರಲ್ಲೇ ಇರುವವನನ್ನು ಊರಿನ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಬಿಟ್ಟು ಬೇರೆ ಕಡೆ ಹೋದವನನ್ನೇ ಅಲ್ಲಿನವರು ಲ್ಯಾಂಗ್‌ಫರ್ಡಿನವನು ಅನ್ನುತ್ತಾರೆ. ಅದೇ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಂಟಿಕೊಳ್ಳುತ್ತದೆ.

“ಊರು ಬಿಟ್ಟವನಿಗೇ ಕಣೋ ರಮೇಶ ಊರಿನ ಹೆಸರು,” ಅಂದರು. ಅವರ ದನಿ ಹಗುರವಾಗಿತ್ತು. ಮಗಳನ್ನು ಕೊಡಲು ಅವರಿಗೆ ಒಂದು ದಾರಿ ಸಿಕ್ಕಿತ್ತು.

ಲಗ್ನಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ ಬಂತು, ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. “ಇಂಗ್ಲೆಂಡಿನ ಲ್ಯಾಂಗ್‌ಫರ್ಡ್ ಗ್ರಾಮಸ್ಥರಾದ ಶ್ರೀಮತಿ ಅರ್ನೆಟ್ಟಾ ಅವರ ಮೊಮ್ಮಗ” ಎಂದು. ಅರಿಶಿನ ಕುಂಕುಮ ಹಚ್ಚಿದ ಮೊದಲ ಪತ್ರಿಕೆ ಬೀಗರ ಮನೆಯ ಹಿರಿಯರಿಗೆ ಕೊಡಬೇಕಲ್ಲ — ತ್ಯಾಗರಾಜರೂ ನಾನೂ ಬೆಳಿಗ್ಗೆಯೇ ಟಾರ್ಬರೋಗೆ ಹೋದೆವು. ಬೇಕೆಂದೇ ಯಾರಿಗೂ ತಿಳಿಸಿರಲಿಲ್ಲ. ಹುಡುಗನಿಗೂ ಇಲ್ಲ. ದೊಡ್ಡ ಉಡುಗೊರೆ ಒಯ್ಯುವವರ ಸಂಭ್ರಮ ಅವರದು.

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮೆತ್ತಗೆ ಹೇಳಿದರು:

“ಇದು ನಮ್ಮ ಹಿರಿಯರನ್ನು ಗುಲಾಮರನ್ನಾಗಿ ಕೊಂಡುಕೊಂಡವರ ಊರು, ಮಿಸ್ಟರ್ ತ್ಯಾಗ. ಹೆಸರು ಅವರು ನಮ್ಮ ಮೇಲೆ ಹೇರಿದ್ದು. ನಾವು ಅಲ್ಲಿಂದ ಬಂದವರಲ್ಲ.”

ನಕ್ಷೆಯಲ್ಲಿ ಅಷ್ಟೆಲ್ಲ ನದಿ ನೋಡಿದ ಮನುಷ್ಯ — ಎದುರಿಗಿರುವ ಮುಖವನ್ನು ನೋಡಿರಲಿಲ್ಲ. ತ್ಯಾಗರಾಜರು ಎದ್ದು ನಿಂತರು. ಪತ್ರಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಕೇಳಿದರು, ಹಾಗಾದರೆ ಏನು ಬರೆಯಲಿ?

ಅಜ್ಜಿ ಕೋಲು ತೆಗೆದುಕೊಂಡರು. ಬನ್ನಿ ಅಂದರು. ಮನೆ ಹಿಂದಿನ ಹೊಲ ದಾಟಿ ಟಾರ್ ಹೊಳೆಯ ತಗ್ಗಿಗೆ ಇಳಿದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಮರಗಳು ನೀರಿನಲ್ಲೇ ಕಾಲಿಟ್ಟು ನಿಂತಿದ್ದವು. ಅಲ್ಲಲ್ಲಿ ನೆಲ ತುಸು ಕುಸಿದಿತ್ತು — ಹೆಸರಿಲ್ಲದ ಸಮಾಧಿಗಳು. ಅರ್ನೆಟ್ಟಾ ಅವರ ಮುತ್ತಜ್ಜಿ ಅಲ್ಲೇ ಇದ್ದಾರೆ. ಆ ಜಾಗವನ್ನು ಅವರ ಮನೆಯವರು ಬಾಟಮ್ ಅನ್ನುತ್ತಾರೆ, ಹೊಳೆಯ ತಗ್ಗು ಎಂದು. ತ್ಯಾಗರಾಜರು ಚಪ್ಪಲಿ ಬಿಟ್ಟು ನಿಂತರು. ಬಹಳ ಹೊತ್ತು ನಿಂತರು. ಎಚ್ಚರದಲ್ಲಿದ್ದೇವೋ ನಿದ್ದೆಯಲ್ಲಿದ್ದೇವೋ ನನಗೆ ತಿಳಿಯುತ್ತಿರಲಿಲ್ಲ.

ನಮ್ಮ ನಕ್ಷೆ ಕೋಣೆಯಲ್ಲಿ ಒಂದು ರೂಢಿ ಇದೆ. ನಕ್ಷೆ ಹೊರಗೆ ಹೋದ ಮೇಲೆ ತಪ್ಪು ಕಂಡರೆ ಅಳಿಸುವಂತಿಲ್ಲ. ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಿದ್ದಿದವರು ಸಹಿ ಹಾಕಬೇಕು. ತ್ಯಾಗರಾಜರು ಒಂದೊಂದು ಪತ್ರಿಕೆಯನ್ನೂ ಹಾಗೆಯೇ ತಿದ್ದಿದರು. ಎರಡೂ ಭಾಷೆಯಲ್ಲಿ “ಟಾರ್ ನದಿಯ ತಗ್ಗಿನವರಾದ” ಎಂದು ಬರೆದರು. ಶುಭಪತ್ರಿಕೆಯಲ್ಲಿ ಕಾಟು ಹೊಡೆಯೋದೇ, ಹೊಸದು ಮಾಡಿಸಿ ಎಂದು ರಾಜಲಕ್ಷ್ಮಿಯವರು ಅತ್ತರು.

“ಹೊಸದು ಮಾಡ್ಸಿದ್ರೆ ನಾನು ತಪ್ಪೇ ಮಾಡಿಲ್ಲ ಅಂದಂಗಾಗತ್ತೆ, ರಾಜಿ,” ಅಂದರು.

ಇಲ್ಲಿರುವ ನಿಮಗೆಲ್ಲ ಬಂದದ್ದು ಆ ಪತ್ರಿಕೆಯೇ. ಧಾರೆಯ ಹೊತ್ತಿನಲ್ಲಿ ಪುರೋಹಿತರು ವರನ ಕಡೆಯ ಊರು ಕೇಳಿದಾಗ ಗಟ್ಟಿಯಾಗಿ ಹೇಳಿದವರು ತ್ಯಾಗರಾಜರೇ. ಆಗ ಇಂದು ಅಪ್ಪನ ಕಡೆಗೆ ನೋಡಿದ ನೋಟ —

ಕ್ಷಮಿಸಿ. ಒಂದು ನಿಮಿಷ.

ಕಳೆದ ವಾರ ತ್ಯಾಗರಾಜರ ಹೃದಯ ನಿಂತಿತು. ಸುದ್ದಿ ತಿಳಿದ ಅಜ್ಜಿ ಫೋನಿನಲ್ಲಿ ರಾಜಲಕ್ಷ್ಮಿಯವರನ್ನು ಕೇಳಿದರು, ಬೂದಿ ಎಲ್ಲಿ ಬಿಡುತ್ತೀರಿ ಎಂದು. ಕಾವೇರಿಗೆ, ಶ್ರೀರಂಗಪಟ್ಟಣಕ್ಕೆ ಎಂದರು ಇವರು. ಆಮೇಲೆ ಅಜ್ಜಿ ಅಂದರಂತೆ: “ಒಂದು ಹಿಡಿ ನಮಗೂ ಕೊಡಿ. ಬಾಟಮ್‌ನಲ್ಲಿ ನಮ್ಮವರ ಜೊತೆ ಇರಲಿ.”

ರಾಜಲಕ್ಷ್ಮಿಯವರು ಹೂಂ ಎಂದಿದ್ದಾರೆ. ಭಾನುವಾರ ಬೆಳಿಗ್ಗೆ ಹೋಗುತ್ತೇವೆ. ಬರುವವರು ಬನ್ನಿ.

ಈಗ ದಯವಿಟ್ಟು ಎಲ್ಲರೂ ಏಳಿ. ಅಜ್ಜಿಗೆ ಯಾರಾದರೂ ಕೈ ಕೊಡಿ — ಅವರೂ ನಿಲ್ಲುತ್ತಾರಂತೆ. ಮಾತು ಸಾಕು. ಸ್ವಲ್ಪ ಹೊತ್ತು ಮೌನವಾಗಿ ನಿಂತಿರೋಣ.