ಹಗುರ ಅಂದ್ರೆ

ಅಲ್ಲಾ ಅಮ್ಮಾ, ನಿಲ್ಲಿ, ನಿಲ್ಲಿ, ಆ ಚಕ್ರ ಮುಟ್ಬೇಡಿ! ಬಣ್ಣದ ಮೇಲಿನ ಕೋಟ್ ಇನ್ನೂ ಹಸಿ... ಸರಿ, ಹಸಿ ಅಲ್ಲ, ಬೆಳಿಗ್ಗೇನೇ ಒಣಗಿದೆ. ಆದ್ರೂ ಬೆರಳಚ್ಚು ಬೀಳುತ್ತೆ. ಬನ್ನಿ, ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ, ಎಲ್ಲಾ ಹೇಳ್ತೀನಿ.

ಎರಡು ವಾರ ಅಂದೆ, ಎರಡು ತಿಂಗಳಾಯ್ತು. ಒಪ್ಕೋತೀನಿ. ನನಗೂ ಸಾಕಾಗ್ಹೋಗಿದೆ ವರಲಕ್ಷ್ಮಮ್ಮ! ಈ ಅರಿಶಿನಕುಂಟೆ ಹೈವೇ ಪಕ್ಕ ಬಣ್ಣದ ಕೆಲಸ ಮಾಡೋದು ಅಂದ್ರೆ ಏನು ಗೊತ್ತಾ? ಹಗಲೆಲ್ಲಾ ಲಾರಿ, ಲಾರಿ ಹಿಂದೆ ಧೂಳು. ಬಣ್ಣ ಹೊಡಿಯೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತೆ. ಕರೆಂಟ್ ಹೋದ್ರೆ ಕಂಪ್ರೆಸರ್ ನಿಲ್ಲುತ್ತೆ, ಅದು ನಿಂತ್ರೆ ಬಣ್ಣ ತೊಟ್ಟಿಕ್ಕುತ್ತೆ, ತೊಟ್ಟಿಕ್ಕಿದ್ರೆ ಮತ್ತೆ ಉಜ್ಜು! ನೂರಿಪ್ಪತ್ತರ ಮರಳು ಕಾಗದ, ಆಮೇಲೆ ಇನ್ನೂರನಲವತ್ತು, ಆಮೇಲೆ ನಾನೂರು... ಯಾಕೆ ನಗ್ತೀರಾ? ವಿವರಿಸಿದ್ದು ಜಾಸ್ತಿ ಆಯ್ತಾ? ನನ್ನ ಹೆಂಡ್ತಿ ತಂಜೀಲಾನೂ ಅದನ್ನೇ ಹೇಳ್ತಾಳೆ. "ಹೈದರ್, ನೀರು ಕೇಳಿದ್ರೆ ಬೋರ್‌ವೆಲ್ ಕೊರೆಸಿದ ಕಥೆ ಹೇಳ್ತೀಯ" ಅಂತ.

ಹುಬ್ಬಾ? ಇದು... ಒಲೆ. ಭಾವನ ಮದುವೇಲಿ ಬಿರಿಯಾನಿ ಒಲೆಗೆ ಬಗ್ಗಿದ್ದೆ, ಸುಟ್ಕೊಳ್ತು. ಬೆಳೀತಾ ಇದೆ ಬಿಡಿ.

ಚಕ್ರ ನೋಡಿ, ಚಕ್ರ! ನಲವತ್ತೈದು ವರ್ಷದ ಅಲಾಯ್ ಚಕ್ರ ಅಂದ್ರೆ ಯಾರಾದ್ರೂ ನಂಬ್ತಾರಾ? ಭಾನುವಾರ ನಿಮ್ಮ ಯಜಮಾನ್ರು ಲಕ್ಷ್ಮಯ್ಯನವರ ವರ್ಷಾಬ್ದಿಕ. ಅವರ ಸ್ಪೋರ್ಟ್ಸ್ ಕಾರನ್ನ ನೀವೇ ಓಡಿಸ್ಕೊಂಡು ಆವತಿ ಬೆಟ್ಟಕ್ಕೆ ಹೋಗ್ತೀರ. ಅವರ ಸ್ಪೀಡಲ್ಲೇ ಹೋಗ್ತೀನಿ ಅಂದ್ರಲ್ಲ... ಅದೊಂದು ಬೇಡ. ಮೆಲ್ಲಗೆ ಹೋಗಿ. ಸುಮ್ನೆ ಹೇಳ್ದೆ. ರೋಡ್ ಸರಿ ಇಲ್ಲ.

ಅಯ್ಯೋ, ಎತ್ತಬೇಡಿ! ಎಪ್ಪತ್ತು ದಾಟಿದೀರ, ಸೊಂಟ ಹಿಡ್ಕೊಳ್ಳುತ್ತೆ! ಹೌದು, ಗೊತ್ತು, ಲಕ್ಷ್ಮಯ್ಯನವರು ರ್‍ಯಾಲಿ ಓಡಿಸ್ತಿದ್ದಾಗ ಪಂಕ್ಚರ್ ಆದ್ರೆ ಚಕ್ರ ಬಿಚ್ಚಿ ಹಾಕ್ತಿದ್ದಿದ್ದು ನೀವೇ. ಹೇಳಿದ್ರಿ. ನಾನು ನಂಬಿರ್ಲಿಲ್ಲ, ಆ ಮಾತು ಬೇರೆ. ಅಬ್ಬಾ, ಒಂದೇ ಕೈಲಿ ಎತ್ಬಿಟ್ರಲ್ಲ! ಸರಿ, ಒಂದು ಎತ್ತಿದ್ರಿ, ಸಾಕು... ಎರಡನೇದೂ... ಮೂರನೇದೂ. ಆಯ್ತಲ್ಲ, ಕೆಳಗಿಡಿ. ನಾಲ್ಕನೇದು ಯಾಕೆ? ನಾಲ್ಕೂ ಒಂದೇ...

ಏನು?

ಇದೊಂದೇ ಭಾರ ಅನ್ಸುತ್ತಾ? ಮತ್ತೆ ಯಾಕೆ ಎತ್ತಿದ್ರಿ, ಈ ಸಲ ಎರಡೂ ಕೈಲಿ? ಅದಕ್ಕೆ ಪ್ರೈಮರ್ ಜಾಸ್ತಿ ಬಿದ್ದಿದೆ, ತೂಕ ಅದರದ್ದೇ. ಪ್ರೈಮರ್ ಅಂದ್ರೆ ಬಣ್ಣಕ್ಕೆ ಮುಂಚೆ ಹೊಡಿಯೋ... ನನ್ನ ಹುಬ್ಬು ನೋಡ್ಬೇಡಿ. ಆ ಗೋಡೆ ಮೇಲಿನ ಮಸೀನೂ ನೋಡ್ಬೇಡಿ. ಬೈಯ್ರಿ! ಬೈದ್ರೆ ತಡ್ಕೋತೀನಿ. ಹೇಳ್ಬಿಡ್ತೀನಿ, ಕೇಳಿ.

ಚಕ್ರ ಕೊಟ್ಟ ದಿನ ನೀವು "ಇವು ಹಗುರ ಕಣಪ್ಪ, ನೋಡ್ಕೊಂಡು ಉಜ್ಜು" ಅಂದ್ರಿ. ಹಗುರಕ್ಕೆ ಉಜ್ಜು, ಮೆಲ್ಲಗೆ ಉಜ್ಜು ಅಂತ ತಿಳ್ಕೊಂಡೆ. ಮೆಲ್ಲಗೇ ಉಜ್ದೆ! ಅಷ್ಟು ಮೆಲ್ಲಗೆ ಯಾವತ್ತೂ ಗ್ರೈಂಡರ್ ಹಿಡಿದಿಲ್ಲ. ನೀವು ಹೇಳಿದ್ದು ತೂಕದ ಮಾತು, ಲೋಹಾನೇ ಬೇರೆ, ಅಲ್ಯೂಮಿನಿಯಂ ಅಲ್ಲ ಮೆಗ್ನೀಷಿಯಂ ಅಂತ ಆಗ ನನಗೇನು ಗೊತ್ತು? ಉಜ್ಜಿದ ಪುಡಿ ಹತ್ಕೊಳ್ತು. ಬೆಂಕಿಗೆ ನೀರು ತಾನೇ ಹಾಕೋದು... ಒಂದು ಬಕೆಟ್ ಹಾಕ್ದೆ. ಆ ಲೋಹಕ್ಕೆ ನೀರು ಹಾಕಬಾರ್ದಂತೆ. ಬೆಳ್ಳಗೆ, ಕಣ್ಣು ಬಿಡೋಕಾಗದ ಹಾಗೆ ಎದ್ದುಬಿಡ್ತು.

ಉಳಿದ ಮೂರನ್ನ ಕೈಲೇ ಉಜ್ಜಿದೆ. ಇದು ಸುಟ್ಟುಹೋದದ್ದರ ಬದಲಿಗೆ ಸಮೇತನಹಳ್ಳಿ ಹತ್ರ ಎರಕದವನೊಬ್ಬ ಅಚ್ಚು ತೆಗೆದು ಅಲ್ಯೂಮಿನಿಯಂನಲ್ಲಿ ಹುಯ್ದಿದ್ದು. ನಿಮ್ಮವು ಮೆಗ್ನೀಷಿಯಂ ಅಂತ ಅವನೇ ಹೇಳಿದ್ದು. ಎರಡು ತಿಂಗಳು ಹೋಗಿದ್ದು ಅದಕ್ಕೇ, ಕರೆಂಟ್‌ಗಲ್ಲ.

ಭಾನುವಾರ ಇದನ್ನ ಹಾಕ್ಕೊಂಡು ಹೋಗ್ಬೇಡಿ ಅಮ್ಮಾ. ಆ ಸ್ಪೀಡ್ ಇದು ತಡ್ಕೊಳ್ಳುತ್ತೋ, ದಾರೀಲಿ ಬಿರುಕು ಬಿಡುತ್ತೋ, ನನಗೇ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.

ಕೊಟ್ಬಿಡ್ತಿದ್ದೆ. ನೀವು ಎತ್ತಿ ನೋಡದೇ ಇದ್ದಿದ್ರೆ... ಮೆಲ್ಲಗೆ ಹೋಗಿ ಅಂತ ಅಷ್ಟೇ ಹೇಳಿ, ಕೊಟ್ಬಿಡ್ತಿದ್ದೆ.